ಶಾಫ್ಟಿನ ಮೇಲೆ ಇಟ್ಟ ಬೊಟ್ಟು

ಅಥವಾ "ನಾವೇ ಮಾಡೋಣ" ಎಂದದ್ದು ನಾನೇ ಇರಬಹುದು. ಇಷ್ಟು ಕಾಲ ಆ ಮಾತನ್ನು ಅವನ ಬಾಯಲ್ಲಿ ಇಟ್ಟುಕೊಂಡು ಬಂದಿದ್ದೇನೆ. ಅವನ ದನಿಯಲ್ಲೇ ಕೇಳಿಸುತ್ತದೆ ಕೂಡ, ಸ್ವಲ್ಪ ಒರಟಾಗಿ, ಗಾಡಿಯ ಕೆಳಗಿನಿಂದ ಬಂದ ಹಾಗೆ. ಆದರೆ ದನಿ ಕೇಳಿಸುವುದು ಯಾವುದಕ್ಕೂ ಸಾಕ್ಷಿಯಲ್ಲ. ನನಗೆ ಬೇಕಾದ ಮಾತುಗಳೆಲ್ಲ ಅವನ ದನಿಯಲ್ಲಿ ಕೇಳಿಸುವ ಅಭ್ಯಾಸ ಆಗಲೇ ಶುರುವಾಗಿತ್ತು. "ನಾವೇ" ಎಂದರೆ ನಾನು ಮತ್ತು ಅವನು. ಆ ಹೊತ್ತಿಗೆ ನಮ್ಮಿಬ್ಬರನ್ನು ಹಾಗೆ ಸೇರಿಸಿ ಹೇಳುವವರು ಬೇರೆ ಯಾರೂ ಉಳಿದಿರಲಿಲ್ಲ.

ಇಲ್ಲಿ "ಅವನು" ಎಂದು ಬರೆಯುತ್ತಿದ್ದೇನೆ. ಮಾತಿನಲ್ಲಿ ಎಂದೂ ಅನ್ನಲಿಲ್ಲ. ಮದುವೆಯಾದಾಗಿನಿಂದ "ಏನ್ರೀ" ಅಷ್ಟೆ. ಕಾಗದದ ಮೇಲೆ "ಅವರು" ಎಂದು ಬರೆದರೆ ಯಾರೋ ನೆರೆಮನೆಯವರ ಬಗ್ಗೆ ಬರೆದ ಹಾಗಾಗುತ್ತದೆ.

ಗಾಡಿ ಒಂದು ಹಳೆಯ ಶಾಲಾ ಮಿನಿಬಸ್ಸು. ಅದೇ ಬಸ್ಸನ್ನು ಅವನು ಚಳ್ಳಕೆರೆಯಲ್ಲಿ ಓಡಿಸುತ್ತಿದ್ದ. ಶಾಲೆಯವರು ಹೊಸದು ತಂದು ಇದನ್ನು ಮಾರುತ್ತೇವೆ ಎಂದಾಗ ತಾನೇ ಕೊಂಡುಕೊಂಡ. ಸೀಟುಗಳನ್ನು ಇಬ್ಬರೂ ಸೇರಿ ಬಿಚ್ಚಿದೆವು. ಸೀಟುಗಳ ಅಡಿಯಲ್ಲಿ ಪೆನ್ಸಿಲ್ ತುಂಡು, ಒಣಗಿದ ಇಡ್ಲಿ, ಕೂದಲ ಕ್ಲಿಪ್ಪು ಸಿಕ್ಕವು. ಹಿಂಬದಿಯಲ್ಲಿ ಅಡ್ಡಕ್ಕೆ ಒಂದು ಹಲಗೆಯ ಮಂಚ, ಬಾಗಿಲ ಪಕ್ಕ ಒಂದೇ ಉರಿಯ ಗ್ಯಾಸ್ ಒಲೆ, ಚಾವಣಿಯ ಮೇಲೆ ನೀರಿನ ಡ್ರಮ್ಮು. ಮೊಳಕಾಲ್ಮೂರಿನಲ್ಲಿ ನನ್ನ ಅತ್ತೆ, ಎಂದರೆ ಅವನ ತಾಯಿ, ಮಗ್ಗದ ಮನೆಗಳಿಂದ ಎಳೆ ತಪ್ಪಿದ ರೇಷ್ಮೆ ಬಟ್ಟೆ ತಂದು ಕಿಟಕಿಗೆಲ್ಲ ಪರದೆ ಹೊಲಿದಿದ್ದರು. ಹೊರಗಿನಿಂದ ಬಸ್ಸು, ಒಳಗೆ ಮದುವೆ ಮನೆ. ನಮ್ಮ ಬೀದಿಯವರು ಅದನ್ನು ಮನೆಗಾಡಿ ಎನ್ನುತ್ತಿದ್ದರು. ಎದುರು ಮನೆಯ ಅಜ್ಜ ದಿನಾ ಕೇಳುತ್ತಿದ್ದ: "ಏನಪ್ಪಾ, ಇದಕ್ಕೆ ಮನೆ ಕಂದಾಯ ಕಟ್ತೀಯೋ, ರೋಡ್ ಟ್ಯಾಕ್ಸ್ ಕಟ್ತೀಯೋ?" ಅವನು ದಿನಾ ಹೇಳುತ್ತಿದ್ದ: "ಎರಡೂ ನಿಮ್ಮ ಹೆಸರಿಗೆ ಬರಿಸೀನಿ, ಸುಮ್ನಿರಜ್ಜ."

ಒಮ್ಮೆ ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ನಿಲ್ಲಿಸಿ ಚಹಾ ಕಾಯಿಸಿದೆವು. ಹುಲ್ಲು ಮೊಣಕಾಲವರೆಗೆ ಬೆಳೆದಿತ್ತು. ಕಾವಲುಗಾರ ಬಂದು, "ಇಲ್ಲಿ ನಿಲ್ಲಂಗಿಲ್ಲ, ಹೊಳ್ಳಿಸ್ರಿ" ಎಂದ. ಇವನು ಒಂದು ಲೋಟ ಚಹಾ ಕೊಟ್ಟ. ಕಾವಲುಗಾರ ಕುಡಿದು, ಲೋಟ ತೊಳೆದು ಕೊಟ್ಟು, "ಈಗ ಹೊಳ್ಳಿಸ್ರಿ" ಎಂದ. ದಾರಿಯುದ್ದಕ್ಕೂ ನಕ್ಕೆವು. ಇದು ಸರಿಯಾಗಿ ನೆನಪಿದೆ ಎಂದು ಹೇಳಬಲ್ಲೆ. ಇದರ ಮೇಲೆ ಏನೂ ನಿಂತಿಲ್ಲವಲ್ಲ, ಅದಕ್ಕೆ.

ಆಮೇಲೆ ಅತ್ತೆಗೆ ಒಂದು ಕಣ್ಣಿನ ಪೊರೆ ತೆಗೆಸಬೇಕಾಯಿತು. ಅವನು ಗಾಡಿ ತೆಗೆದುಕೊಂಡು ಮೊಳಕಾಲ್ಮೂರಿಗೆ ಹೋದ. ಪೊರೆ ತೆಗೆದರು, ಪಟ್ಟಿ ಬಿಚ್ಚಿದರು, ಅವನು ಬರಲಿಲ್ಲ. ಜಗಳವಾಗಿರಲಿಲ್ಲ. ಜಗಳವಾಗಿದ್ದರೆ ಬರೆಯಲು ಸುಲಭವಾಗುತ್ತಿತ್ತು. ಮಾತು ಕಡಿಮೆಯಾಗುತ್ತಾ ಹೋಗಿ, ಕೊನೆಗೆ ಗ್ಯಾಸ್ ಬುಕ್ ಮಾಡುವ ಮಾತು, ಕರೆಂಟು ಬಿಲ್ಲಿನ ಮಾತು, ಇಷ್ಟೇ ಉಳಿದಿತ್ತು. ನಾನು ಚಳ್ಳಕೆರೆಯ ಬಾಡಿಗೆ ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡು ಉಳಿದೆ. ಯಾರಾದರೂ ಕೇಳಿದರೆ, "ಅತ್ತೆಗೆ ಇನ್ನೊಂದು ಕಣ್ಣು ಆಗ್ಬೇಕಲ್ಲ" ಎನ್ನುತ್ತಿದ್ದೆ.

ದಸರೆಗೆ ಮುಂಚೆ ಅವನ ಫೋನು ಬಂತು.

"ಹಬ್ಬ ಆದ್ಮೇಲೆ ಗಾಡೀಲಿ ಸಮುದ್ರದ ಕಡೆ ಹೋಗಣ. ನೀನೂ ನಾನೂ. ಅಷ್ಟು ಜಾಗದಾಗೆ ಒಟ್ಟಿಗಿರಕ್ಕೆ ಆಗ್ತೈತೆ ಅಂದ್ರೆ ಎಲ್ಲಾದ್ರೂ ಆಗ್ತೈತೆ. ಆಗಲ್ಲ ಅಂದ್ರೆ ಬಿಟ್ಬಿಡಣ. ಜಗಳ ಗಿಗಳ ಬ್ಯಾಡ."

"ಆಗ್ಲಿ" ಎಂದೆ. ಫೋನಿಟ್ಟ ಮೇಲೆ ಟ್ಯೂಷನ್ನಿನ ಮಕ್ಕಳಿಗೆ ಅವತ್ತು ರಜೆ ಕೊಟ್ಟು ಕಳಿಸಿದೆ.

ನಮ್ಮ ಮದುವೆ ಉಳಿಯುವುದೋ ಇಲ್ಲವೋ ಎಂಬುದು ಆ ಗಾಡಿ ಓಡುವುದರ ಮೇಲೆ ಬಂದು ಕೂತದ್ದು ಹೀಗೆ. ಗಾಡಿ ಸರಿ ಇರಲಿಲ್ಲ. ಕ್ಲಚ್ ಬಿಟ್ಟ ಕೂಡಲೇ ಕೆಳಗೆ 'ಟಕ್' ಎಂದು ಸದ್ದು, ವೇಗ ಏರಿದರೆ ಕಾಲಡಿಯಲ್ಲಿ ನಡುಕ. ಅವನು ಕೆಳಗೆ ಮಲಗಿ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದ್ದ. ಗಾಡಿಯ ಮುಂದಿನ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗುವ ಬಲವನ್ನು ಒಯ್ಯುವ ಉದ್ದನೆಯ ಉಕ್ಕಿನ ಕೊಳವೆ ಅದು. ಅದರ ಎರಡು ತುದಿಗಳಲ್ಲೂ ಕವಲು, ಕವಲಿನ ನಡುವೆ ಕೂಡು ಗುರುತಿನಾಕಾರದ ಒಂದು ತುಂಡು. ಅದಕ್ಕೆ ಕ್ರಾಸ್ ಎನ್ನುತ್ತಾರೆ. ಹಿಂದಿನ ಕ್ರಾಸ್ ಸವೆದು ಅಲ್ಲಾಡುತ್ತಿತ್ತು.

ಮೊಳಕಾಲ್ಮೂರಿನ ಮೆಕ್ಯಾನಿಕ್ಕು ಮುಖ ಎತ್ತಿಯೂ ನೋಡಲಿಲ್ಲವಂತೆ. ಆಯುಧಪೂಜೆ ಹತ್ತಿರ ಬಂದಿತ್ತು. ಊರಿನ ಲಾರಿ, ಟ್ರಾಕ್ಟರು, ಆಟೋಗಳೆಲ್ಲ ಅವನ ಅಂಗಡಿ ಮುಂದೆಯೇ ಇದ್ದವು. "ಹಬ್ಬ ಮುಗೀಲಿ ಭಾಯ್, ಈಗ ನಿನ್ ಗಾಡಿ ಕೆಳಗೆ ಮಲ್ಕೊಂಡ್ರೆ ಇವ್ರೆಲ್ಲ ನನ್ನ ಅಲ್ಲೇ ಹೂಳ್ತಾರೆ" ಎಂದನಂತೆ. ಆಗಲೇ ಆ ಮಾತು ಬಂದದ್ದು, ನಾವೇ ಮಾಡೋಣ ಎನ್ನುವುದು, ಯಾರು ಹೇಳಿದರೋ. ಹೊಸ ಕ್ರಾಸನ್ನು ನಾನೇ ಚಳ್ಳಕೆರೆಯ ಅಂಗಡಿಯಿಂದ ಕೊಂಡು, ಬ್ಯಾಗಿನಲ್ಲಿ ಸೀರೆಯ ಮಧ್ಯೆ ಇಟ್ಟುಕೊಂಡು ಬಸ್ಸು ಹತ್ತಿದೆ. ಫೋನಿನಲ್ಲಿ ಆ ಕೆಲಸದ ವಿಡಿಯೋಗಳನ್ನು ನೋಡಿ ನೋಡಿ ಬಾಯಿಪಾಠ ಆಗಿತ್ತು.

ಬಾಗಿಲಲ್ಲೇ ಅತ್ತೆ ಹಿಡಿದುಕೊಂಡರು. "ಏಮಮ್ಮಾ, ಸೀಟು ಸಿಕ್ತಾ? ಸಣ್ಣಾಗೀಯಲ್ಲೇ! ಚಳ್ಳಕೆರೇಲಿ ಎಣ್ಣೆ ತುಟ್ಟಿ ಆಗೈತಾ?"

"ಒಂದು ಕಣ್ಣಲ್ಲಿ ನೋಡಿದ್ರೆ ಸಣ್ಣ ಕಾಣ್ತೀನಿ ಅತ್ತೆ. ಇನ್ನೊಂದೂ ಮಾಡಿಸ್ಕೊಳ್ರಿ, ದಪ್ಪ ಆಗ್ತೀನಿ."

"ಮಾಡಿಸ್ಕೊಂತೀನಿ, ಮಾಡಿಸ್ಕೊಂತೀನಿ. ಅಲ್ಲಿ ತನ್ಕ ಇವನು ಇಲ್ಲಿರ್ತಾನಲ್ಲ" ಎಂದರು. ತಮಾಷೆಗೆ ಹೇಳಿದರೋ, ನನ್ನ ಪರವಾಗಿ ಮಗನನ್ನು ಚುಚ್ಚಿದರೋ.

ಮಾರನೆಯ ಬೆಳಗ್ಗೆ ಹಿತ್ತಿಲಲ್ಲಿ ಕೆಲಸ ಶುರುಮಾಡಿದೆವು. ಚಕ್ರಗಳಿಗೆ ಕಲ್ಲು ಒತ್ತು ಕೊಟ್ಟು, ಜಾಕಿಯಿಂದ ಹಿಂಬದಿ ಎತ್ತಿ, ಅದರಡಿಗೆ ಮರದ ದಿಮ್ಮಿ ಇಟ್ಟೆವು. ಗಾಡಿಯ ಕೆಳಗೆ ಎರಡು ಗೋಣಿಚೀಲ ಹಾಸಿ ಪಕ್ಕಪಕ್ಕದಲ್ಲಿ ಮಲಗಿದೆವು. ಎಷ್ಟೋ ತಿಂಗಳ ಮೇಲೆ ಹಾಗೆ ಪಕ್ಕದಲ್ಲಿ ಮಲಗಿದ್ದು. ಮಣ್ಣು, ಡೀಸೆಲ್ಲು, ಅವನ ಬೆವರು. ಇದನ್ನು ಬರೆಯದೆ ಮುಂದೆ ಹೋಗೋಣವೆಂದಿದ್ದೆ, ಆಗಲಿಲ್ಲ.

ಶಾಫ್ಟು ಒಂದೇ ತುಂಡಲ್ಲ. ಮುಂದೆ ಗೇರ್ ಬಾಕ್ಸಿಗೆ ಅಂಟಿಕೊಂಡ ಗಿಡ್ಡ ತುಂಡು, ಅದರೊಳಗೆ ಹಲ್ಲುಹಲ್ಲಾಗಿ ಜಾರಿ ಕೂರುವ ಉದ್ದನೆಯ ತುಂಡು. ಉದ್ದ ತುಂಡನ್ನು ಎಳೆದು ತೆಗೆಯುವ ಮೊದಲು ಎರಡಕ್ಕೂ ಅಡ್ಡವಾಗಿ ಒಂದು ಗುರುತು ಹಾಕಬೇಕು. ಮತ್ತೆ ಸೇರಿಸುವಾಗ ಗುರುತಿಗೆ ಗುರುತು ಬರಬೇಕು, ಆಗ ಎರಡು ತುದಿಗಳ ಕವಲೂ ಒಂದೇ ನೇರಕ್ಕೆ ನಿಲ್ಲುತ್ತವೆ. ಹಲ್ಲು ಹೇಗೆ ತಿರುಗಿಸಿದರೂ ಒಳಗೆ ಹೋಗುತ್ತದೆ, ಆದರೆ ಕವಲುಗಳ ನೇರ ತಪ್ಪಿದರೆ ಎಲ್ಲಾ ಹೊಸ ಸಾಮಾನು ಹಾಕಿದರೂ ಗಾಡಿ ನಡುಗುತ್ತದೆ. ಅದನ್ನು ನಾನೇ ಅವನಿಗೆ ಹೇಳಿದೆ. ಅವನಿಗೂ ಗೊತ್ತಿತ್ತು ಅನ್ನಿಸುತ್ತದೆ.

"ಪೇಂಟ್ ಐತಾ?"

"ಎಲ್ಲಿ ತರ್ಲಿ? ಉಳಿ ತಗೊಂಡು ಒಂದೇಟು ಹಾಕ್ತೀನಿ ತಾಳು."

"ಬ್ಯಾಡ್ರಿ, ಗಾಯ ಆಗ್ತೈತೆ." ಉಕ್ಕಿಗೆ ಗಾಯವಾಗುತ್ತದೆ ಎಂದು ನಾನು ಹೇಳಿದ್ದಕ್ಕೆ ಅವನು ತುಂಬಾ ನಕ್ಕ. ಒಳಗೆ ಹೋಗಿ ದೇವರ ಮುಂದಿನ ಬಟ್ಟಲಿನಿಂದ ಒಂದು ಚಿಟಿಕೆ ಕುಂಕುಮ ತಂದೆ, ಕಡಲೆಕಾಯಿ ಎಣ್ಣೆಯಲ್ಲಿ ಕಲಸಿ ಬೆರಳಿನಿಂದ ಅಡ್ಡಗೆರೆ ಎಳೆದೆ. ಅರ್ಧ ಗಿಡ್ಡ ತುಂಡಿನ ಮೇಲೆ, ಅರ್ಧ ಉದ್ದ ತುಂಡಿನ ಮೇಲೆ. "ಆಯ್ತು, ಇದಕ್ಕೂ ಮುತ್ತೈದೆ ಭಾಗ್ಯ" ಎಂದ ಅವನು.

ಬೋಲ್ಟುಗಳು ಸುಲಭಕ್ಕೆ ಬರಲಿಲ್ಲ. ಬಂದ ಮೇಲೆ ಶಾಫ್ಟಿನ ಭಾರ ಇಬ್ಬರ ಎದೆಯ ಮೇಲೂ ಕುಳಿತಿತು. ಹೊರಗೆ ತಂದು, ಹಳೆಯ ಕ್ರಾಸಿನ ಬಟ್ಟಲುಗಳನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದೆವು. ಒಳಗಿನ ಸೂಜಿಯಂಥ ಉರುಳೆಗಳು ತುಕ್ಕು ಹಿಡಿದು ಪುಡಿಯಾಗಿದ್ದವು. "ನೋಡು, ಗ್ರೀಸ್ ಹೊಡೀದೆ ಬಿಟ್ರೆ ಹಿಂಗಾಗ್ತೈತೆ" ಎಂದ. ಹೊಸದನ್ನು ಕೂರಿಸಿ ಗ್ರೀಸ್ ಗನ್ನಿನಿಂದ ನಾಲ್ಕು ಬಾಯಿಗಳಲ್ಲೂ ಗ್ರೀಸು ಹೊರಬರುವವರೆಗೆ ಒತ್ತಿದ್ದು ನಾನು. ಸಂಜೆಯಾಯಿತು. ಶಾಫ್ಟನ್ನು ಗೋಣಿಯ ಮೇಲೆ ಮಲಗಿಸಿ, ಸೇರಿಸುವುದನ್ನು ಬಿಟ್ಟೆವು.

ಮರುದಿನ ಆಯುಧಪೂಜೆ. ಪೂಜೆಗಿಟ್ಟ ಸಾಮಾನನ್ನು ಆ ದಿನ ಮುಟ್ಟುವಂತಿಲ್ಲ. ಅತ್ತೆ ಬೆಳಗ್ಗೆಯೇ ಹಿತ್ತಿಲಿಗೆ ಇಳಿದರು. ಸ್ಪ್ಯಾನರುಗಳು, ಜಾಕಿ, ಗ್ರೀಸ್ ಗನ್ನು, ಮನೆಯ ಈಳಿಗೆಮಣೆ, ಕತ್ತರಿ, ಎಲ್ಲವನ್ನೂ ಶಾಫ್ಟಿನ ಪಕ್ಕ ಸಾಲಾಗಿ ಇಟ್ಟರು. ನಾನು ಅಡುಗೆಮನೆಯಲ್ಲಿ ಹೂರಣ ರುಬ್ಬುತ್ತಿದ್ದೆ. ಕಿಟಕಿಯಾಚೆಯಿಂದ ಅವರ ಮಾತು ಕೇಳಿಸಿತು:

"ಹಳೇ ಬೊಟ್ಟಿನ ಮ್ಯಾಲೆ ಹೊಸ ಬೊಟ್ಟು ಇಡಬಾರ್ದು. ಒರೆಸಿ ಇಡ್ಬೇಕು. ಅಷ್ಟೂ ಗೊತ್ತಿಲ್ಲ ನಿಮಗೆ."

ಹಬ್ಬದ ದಿನ ಆ ಮಾತು ಹೊಸಿಲ ಮುಂದೆ, ಒಲೆಯ ಮುಂದೆ, ತುಳಸಿಕಟ್ಟೆಯ ಮುಂದೆ ಎಲ್ಲಾ ಕಡೆ ಕೇಳಿಬರುತ್ತದೆ. ನಮ್ಮ ಮನೆಗಳಲ್ಲಿ ಯಾರೂ ಹಾಗೆಯೇ ಮೇಲೆ ಇಡುವುದಿಲ್ಲ. ಹೋದ ವರ್ಷದ್ದು ಹೋಗಬೇಕು, ಆಮೇಲೆ ಈ ವರ್ಷದ್ದು. ನಾನು ರುಬ್ಬುತ್ತಲೇ ಇದ್ದೆ.

ಹೊರಗೆ ಬಂದಾಗ ಶಾಫ್ಟು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಉದ್ದಕ್ಕೂ ವಿಭೂತಿಯ ಪಟ್ಟೆ, ಎರಡು ತುದಿಗಳಲ್ಲೂ ದುಂಡನೆಯ ಕುಂಕುಮದ ಬೊಟ್ಟು. ಮಲಗಿಸಿದ ಕೊಳವೆಯ ಮೇಲ್ಭಾಗ ಯಾವುದಿತ್ತೋ ಅಲ್ಲಿ ಇಟ್ಟಿದ್ದರು. ಚೆನ್ನಾಗಿ ಕಾಣುತ್ತಿತ್ತು. ನನ್ನ ಗೆರೆಯ ಅರ್ಧ ಇದ್ದದ್ದು ಮುಂದಿನ ತುದಿಯಲ್ಲಿ, ಆದರೆ ಕೊಳವೆಯ ಯಾವ ಮಗ್ಗುಲಲ್ಲಿ ಎಂದು ನಾನು ಆಗ ಯೋಚಿಸಲೇ ಇಲ್ಲ. ಇನ್ನರ್ಧ ಗಾಡಿಯ ಕೆಳಗೆ, ಗಿಡ್ಡ ತುಂಡಿನ ಮೇಲೆ, ಅತ್ತೆಯ ಕೈಗೆ ಸಿಗದೆ ಹಾಗೇ ಉಳಿದಿತ್ತು. ಪೂಜೆಯಾಯಿತು. ಬೂದುಗುಂಬಳ ಒಡೆದೆವು. ಮಧ್ಯಾಹ್ನ ಗಾಡಿಯೊಳಗೆ ಕೂತು ಹೋಳಿಗೆ ತಿಂದೆವು. ಅವನು ಒಂದು ಚೂರು ಹೆಚ್ಚು ತುಪ್ಪ ಹಾಕಿದ. "ಸಮುದ್ರದತ್ರ ಉಪ್ಪುಗಾಳಿ, ಶಾಫ್ಟು ಬೇಗ ತುಕ್ಕು ಹಿಡಿತೈತೆ" ಎಂದೆ. "ಗ್ರೀಸ್ ಹೊಡ್ಕೊಂಡೇ ಹೋಗಣ ಬಿಡು" ಎಂದ. ಅವನು ಬರುವುದೇ ಖಂಡಿತ ಎಂದು ಆ ಮಧ್ಯಾಹ್ನ ನಾನು ನಂಬಿದ್ದೆ.

ವಿಜಯದಶಮಿಯ ಬೆಳಗ್ಗೆ ಸೇರಿಸಿದೆವು. ನಾನು ಹಿಂದೆ ಮಲಗಿ ಕೊಳವೆಯ ಆ ತುದಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದೆ. ನನಗೆ ಕಾಣುತ್ತಿದ್ದದ್ದು ಹಿಂದಿನ ಕವಲು ಮಾತ್ರ. ಅವನು ನಡುವೆ ಇದ್ದ. ಅತ್ತ ಕತ್ತು ತಿರುಗಿಸಿದರೆ ಮುಂದಿನ ಕವಲು, ಇತ್ತ ತಿರುಗಿಸಿದರೆ ಹಿಂದಿನದು.

"ಗುರುತು ನೋಡ್ರೀ."

ಅವನು ಕೊಳವೆ ಹಿಡಿದು ನೋಡುತ್ತಿದ್ದ. ಎಷ್ಟು ಹೊತ್ತು ಎಂಬುದು ಪ್ರತಿ ಸಲ ನೆನೆದಾಗಲೂ ಬೇರೆಯಾಗುತ್ತದೆ. ಆಮೇಲೆ ಕೊಳವೆ ನನ್ನ ಕೈಯಲ್ಲಿ ತುಸು ತಿರುಗಿ ಮುಂದಕ್ಕೆ ಜಾರಿತು.

"ಬೊಟ್ಟಿಗೆ ಬೊಟ್ಟು ಕೂತ್ಕೊಂತು" ಎಂದ.

ಬೋಲ್ಟು ಬಿಗಿದೆವು. ಅತ್ತೆ ಚಕ್ರಗಳಡಿಗೆ ನಿಂಬೆಹಣ್ಣು ಇಟ್ಟರು. ನನ್ನ ಬಟ್ಟೆಯ ಚೀಲ ಆಗಲೇ ಮಂಚದಡಿಯಲ್ಲಿತ್ತು. ಓಡಿಸಿ ನೋಡಿ, ಸರಿಯಿದ್ದರೆ ಹಾಗೆಯೇ ಚಳ್ಳಕೆರೆ ದಾಟಿ ಮುಂದೆ ಹೋಗುವುದೆಂದು ಮಾತಾಗಿತ್ತು. ಊರೊಳಗೆ ಗಾಡಿ ಸದ್ದಿಲ್ಲದೆ ಹೋಯಿತು. 'ಟಕ್' ಎನ್ನುವುದು ನಿಂತುಹೋಗಿತ್ತು. ನಾನು ಅವನ ತೋಳಿನ ಮೇಲೆ ಕೈಯಿಟ್ಟೆ. ಚಳ್ಳಕೆರೆ ರಸ್ತೆಗೆ ಬಿದ್ದು ವೇಗ ಏರಿತು, ಕಾಲಡಿಯಲ್ಲಿ ನಡುಕ ಶುರುವಾಯಿತು. ಹಿಂದೆಂದಿಗಿಂತ ಜೋರಾಗಿ. ಪಾತ್ರೆಗಳು ಕುಣಿದವು. ಪರದೆಯ ಉಂಗುರಗಳು ಒಟ್ಟಿಗೆ ಚಿಲಿಚಿಲಿ ಎಂದವು. ಒಲೆ ತನ್ನ ಜಾಗ ಬಿಟ್ಟು ಸರಿಯಿತು. ಅವನು ನಿಧಾನ ಮಾಡಿದ, ನಡುಕ ಹೋಯಿತು. ಮತ್ತೆ ಏರಿಸಿದ, ಮತ್ತೆ ಬಂತು. ರಸ್ತೆ ಬದಿಗೆ ನಿಲ್ಲಿಸಿದ. ಎರಡೂ ಕಡೆ ಶೇಂಗಾ ಹೊಲ, ಕಿತ್ತ ಗಿಡಗಳ ಸಾಲು.

"ಬಿಚ್ಚಿ ಇನ್ನೊಂದ್ಸಲ ನೋಡಣ" ಎಂದೆ.

ಅವನು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡೇ ಇದ್ದ. "ಎಲ್ಲಾ ಹೊಸದು ಹಾಕಾಯ್ತು. ಇನ್ನೇನ್ ನೋಡದು?"

"ಗುರುತು…"

"ಗುರುತಿಗೇ ಕೂರಿಸೀನಿ ಅಂದ್ನಲ್ಲ."

"ಮೆಕ್ಯಾನಿಕ್‌ಗೆ ತೋರ್ಸಣ. ನಾಳೆ ಅಂಗಡಿ ತೆಗೀತಾನೆ. ನಾನು ಇರ್ತೀನಿ."

"ನಾಳೆ ಇನ್ನೊಂದ್ ಹೋಗ್ತೈತೆ." ಆಮೇಲೆ ನನ್ನ ಕಡೆ ನೋಡದೆ, ತುಂಬಾ ಮೆತ್ತಗೆ ಹೇಳಿದ: "ಬಿಟ್ಬಿಡಣ ಕಣೆ. ಜಗಳ ಬ್ಯಾಡ ಅಂದಿದ್ವಲ್ಲ. ನೀನು ಚಳ್ಳಕೆರೆ ಬಸ್ ಹತ್ತು. ನಾನು ಇದನ್ನ ನಿಧಾನ ಹೊಡ್ಕೊಂಡ್ ವಾಪಸ್ ಹೋಗ್ತೀನಿ."

ನಾನು ಇಳಿದೆ. ಚೀಲವನ್ನು ಅವನೇ ಮಂಚದಡಿಯಿಂದ ತೆಗೆದು ಕೊಟ್ಟ. ಬಸ್ಸು ಬರುವವರೆಗೂ ನನ್ನ ಜೊತೆ ನಿಂತಿದ್ದ, ಅದು ಅವನ ಒಳ್ಳೆಯತನ. ಹತ್ತಿದ ಮೇಲೆ ಕಿಟಕಿಯಿಂದ ನೋಡಿದೆ. ಗಾಡಿ ಹೊರಳಿಸುತ್ತಿದ್ದ. ನನ್ನ ಉಗುರುಗಳ ಸಂದಿಯಲ್ಲಿ ಗ್ರೀಸು ಇತ್ತು. ಪಕ್ಕದ ಸೀಟಿನ ಹೆಂಗಸು, "ಅಳ್ಬ್ಯಾಡವ್ವ, ಯಾರ್ ಹೋದ್ರು?" ಎಂದಳು. ಯಾರೂ ಹೋಗಿಲ್ಲ ಎಂದೆ.

ಬೇರೆಯಾದದ್ದು ಸದ್ದಿಲ್ಲದೆ ಆಯಿತು. ಅವನು ಗಾಡಿ ಮಾರಿದ ಎಂದು ಅತ್ತೆಯೇ ಫೋನಿನಲ್ಲಿ ಹೇಳಿದರು. ಅವರು ಈಗಲೂ ಮಾತಾಡಿಸುತ್ತಾರೆ.

ಅದಾಗಿ ಬಹಳ ಕಾಲದ ಮೇಲೆ ಚಳ್ಳಕೆರೆಯಲ್ಲೇ ಆ ಗಾಡಿ ಕಣ್ಣಿಗೆ ಬಿತ್ತು. ನನ್ನಿವಾಳ ಎಂಬ ಹಳ್ಳಿಯ ಕಡೆಯವನೊಬ್ಬ ಅದರಲ್ಲಿ ಮಂಡಕ್ಕಿ ಮಿರ್ಚಿ ಅಂಗಡಿ ಮಾಡಿಕೊಂಡಿದ್ದ. ಪರದೆಗಳು ಇರಲಿಲ್ಲ. ಮಿರ್ಚಿ ತೆಗೆದುಕೊಳ್ಳುತ್ತಾ ಕೇಳಿದೆ:

"ಈ ಗಾಡಿ ನಡುಗಲ್ವೇನಪ್ಪಾ?"

"ಅಯ್ಯೋ, ತಂದಾಗ ನಡುಕ ಬಂದ ಮುದುಕನಂಗಾಡ್ತಿತ್ತು ಕಣಕ್ಕಾ. ಏನೋ ದೊಡ್ಡ ರೋಗ ಅನ್ಕಂಡೆ. ಏನಿಲ್ಲ! ಶಾಫ್ಟು ನೇರ ತಪ್ಪಿ ಕೂರಿಸಿದ್ರು. ಬಿಚ್ಚಿ ಕಾಲು ಸುತ್ತು ತಿರುವಿ ಹಾಕಿದ್ವಿ, ಬೆಣ್ಣೆ ಹಂಗೆ ಓಡ್ತೈತೆ. ಯಾರೋ ಪುಣ್ಯಾತ್ಮರು! ಖಾರ ಜಾಸ್ತಿ ಹಾಕ್ಲಾ?"

ಹಾಕು ಎಂದೆ.

ಆ ಸಂಜೆ ಅತ್ತೆಗೆ ಫೋನು ಮಾಡಿದೆ. ಹಬ್ಬದ ಬೆಳಗ್ಗೆ ಶಾಫ್ಟಿನ ಮೇಲಿದ್ದ ಕೆಂಪು ಗೆರೆಯನ್ನು ಏನು ಮಾಡಿದಿರಿ ಎಂದು ಕೇಳಿದೆ. ಅವರಿಗೆ ನೆನಪಿತ್ತು. "ಒರೆಸ್ದೆ. ಎಣ್ಣೆ ಜಿಡ್ಡು, ಎಷ್ಟು ತಿಕ್ಕಿದ್ರೂ ಹೋಗ್ತಿರ್ಲಿಲ್ಲ. ಯಾಕೆ?" ಯಾಕೆ ಎಂಬುದನ್ನು ಅವರಿಗೆ ಹೇಳಲಾರೆ. ಹೇಳಿದರೆ ಆ ಜೀವ ತಡೆಯುವುದಿಲ್ಲ.

"ಆಗ ಯಾರಿಗೋ ಹೇಳ್ತಿದ್ರಲ್ಲ, ಹಳೇ ಬೊಟ್ಟಿನ ಮ್ಯಾಲೆ ಇಡಬಾರ್ದು ಅಂತ. ನಿಮ್ ಮಗ ಅಲ್ಲಿದ್ರಾ?"

"ಯಾರಿದ್ರೋ ಏನೋ. ನಂಗೆ ಆಗ ಒಂದೇ ಕಣ್ಣು. ಅದೂ ಶಾಫ್ಟಿನ ಮ್ಯಾಲೆ ಇಟ್ಟಿದ್ದೆ. ನಾನು ಜಾಕಿ ಜೊತೆನೂ ಮಾತಾಡ್ತೀನಿ, ನಿಂಗ್ ಗೊತ್ತಲ್ಲ."

ಗೊತ್ತು. ಅವರು ಒಲೆಯ ಜೊತೆಯೂ ಮಾತಾಡುತ್ತಾರೆ.

ಅವನು ಅಲ್ಲಿರಲಿಲ್ಲ ಎಂದಾದರೆ ನಡೆದದ್ದು ಸರಳ. ಗಾಡಿಯ ಕೆಳಗೆ ಅರ್ಧ ಗೆರೆ ಕಂಡಿತು, ಕೊಳವೆಯ ತುದಿಯಲ್ಲಿ ಬೊಟ್ಟು ಕಂಡಿತು, ಎರಡೂ ನನ್ನದೇ ಗುರುತು ಎಂದುಕೊಂಡು ಜೋಡಿಸಿದ. ತಾಯಿ ಇಟ್ಟ ಬೊಟ್ಟನ್ನು ಹೆಂಡತಿಯ ಬೊಟ್ಟು ಎಂದುಕೊಂಡ, ಅಷ್ಟೆ. ಗಾಡಿ ನಡುಗಿದಾಗ ಅವನಿಗೂ ನನ್ನಷ್ಟೇ ಎದೆಯೊಡೆದಿರಬೇಕು. ಅವನು ಅಲ್ಲಿದ್ದ, ತಾಯಿ ಒರೆಸುವುದನ್ನು ನೋಡುತ್ತಾ ನಿಂತಿದ್ದ ಎಂದಾದರೆ, "ಬೊಟ್ಟಿಗೆ ಬೊಟ್ಟು ಕೂತ್ಕೊಂತು" ಎಂದದ್ದು ಗೊತ್ತಿದ್ದೇ ಎಂದದ್ದು. ಬರಲಾರೆ ಎಂದು ನನ್ನ ಮುಖ ನೋಡಿ ಹೇಳಲಾಗದೆ ಆ ಮಾತನ್ನು ಗಾಡಿಗೆ ಬಿಟ್ಟುಕೊಟ್ಟದ್ದು.

ಆ ಬೆಳಗ್ಗೆಯ ಬಗ್ಗೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಅವನು ಕುಂಬಳಕಾಯಿ ತರಲು ಪೇಟೆಗೆ ಹೋಗಿದ್ದಾನೆ, ನಾನೇ ಚೀಲ ಕೊಟ್ಟು ಕಳಿಸಿದ್ದೇನೆ. ಇನ್ನೊಂದರಲ್ಲಿ ಕುಂಬಳಕಾಯಿ ಆಗಲೇ ಜಗಲಿಯ ಮೇಲಿದೆ, ಅವನು ಹಿತ್ತಿಲ ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದಾನೆ. ಎರಡರಲ್ಲೂ ಅವನ ಅಂಗಿಯ ಬಣ್ಣ ನೀಲಿ. ಎರಡನೆಯದನ್ನು ಮಂಡಕ್ಕಿ ಗಾಡಿ ನೋಡಿದ ಮೇಲೆ ನಾನು ಕಟ್ಟಿಕೊಂಡೆನೋ, ಮೊದಲನೆಯದನ್ನು ಅದಕ್ಕೂ ಮುಂಚೆ ನನ್ನನ್ನು ಸಮಾಧಾನಪಡಿಸಿಕೊಳ್ಳಲು ಕಟ್ಟಿಕೊಂಡೆನೋ, ಬೇರ್ಪಡಿಸಲು ಆಗುತ್ತಿಲ್ಲ.

ಅವನ ನಂಬರು ಇದೆ. ಒಂದು ಸಲ ಮಾಡಿದೆ, ಎತ್ತಿದ, "ಹೇಳು" ಎಂದ. ಅತ್ತೆಯ ಇನ್ನೊಂದು ಕಣ್ಣು ಹೇಗಿದೆ ಎಂದು ಕೇಳಿ ಇಟ್ಟೆ. ಅವನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.